ಇಳಕಲ್ಲಿನಲ್ಲಿ ಲೀಟರಿಗೆ ಇಪ್ಪತ್ತೆಂಟು

ಊರೊಳಗೆ ಓಡಿಸಿದಷ್ಟೂ ಪೆಟ್ರೋಲು ಉಳಿಸುವ ಕಾರೊಂದು ಈ ಭೂಮಿಯ ಮೇಲೆ ಇದೆ ಎಂದು ನನ್ನ ಷಡ್ಡಕ ರಾಜೇಶ ಹೇಳಿದಾಗ ನಾನು ಕೂಡಲೇ ನಂಬಿದೆ. ನಂಬುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಹುನಗುಂದ ತಾಲೂಕಿನಲ್ಲೇ ಸಿಗಲಿಕ್ಕಿಲ್ಲ. ಬೋಳು ತಲೆಯಲ್ಲಿ ಕೂದಲು ಹುಟ್ಟಿಸುವ ಎಣ್ಣೆಯನ್ನು ನಂಬಿದ್ದೆ. ಕೂದಲು ಬರಲಿಲ್ಲ, ತಲೆದಿಂಬಿಗೆ ಮಾತ್ರ ಹಸಿರು ಬಣ್ಣ ಬಂತು. ಬಿಸಿಲಿನಲ್ಲಿ ಅನ್ನ ಮಾಡುವ ಪೆಟ್ಟಿಗೆಯನ್ನು ನಂಬಿದ್ದೆ. ಅದರಲ್ಲಿ ಇಟ್ಟ ಅಕ್ಕಿಯನ್ನು ಸಂಜೆ ನಮ್ಮವ್ವ ಹಾಗೆಯೇ ತೆಗೆದು ಡಬ್ಬಿಗೆ ಸುರಿದಳು. ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನನ್ನ ಹೆಸರು ಹುಚ್ಚೇಶ. ಇಳಕಲ್ಲಿನ ಬಜಾರದಲ್ಲಿ ಸಣ್ಣ ಸೀರೆ ಅಂಗಡಿ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೀವಮಾನವಿಡೀ ನೇಯ್ದ. ನಾನು ಗಾದಿಯ ಮೇಲೆ ಕಾಲು ಮಡಚಿ ಕೂತು ಮಾರುತ್ತೇನೆ. ನಮ್ಮ ಮನೆತನದ ಏಳಿಗೆ ಅಂದರೆ ಇಷ್ಟೇ.

ಎರಡು ಸಾವಿರದ ಒಂಬತ್ತನೇ ಇಸವಿಯ ಬೇಸಿಗೆ. ಬೀಗರ ಕೂಸೊಂದರ ಜವಳಕ್ಕೆಂದು ನಾವೆಲ್ಲ ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿದ್ದೆವು. ಕೂಸು ತಲೆ ಬೋಳಿಸಿಕೊಂಡು ಹೊಂಡದ ದಂಡೆಯಲ್ಲಿ ಚೀರುತ್ತಿದ್ದಾಗ ರಾಜೇಶ ಬೆರಳಿಗೆ ಕಾರಿನ ಕೀಲಿ ಸಿಕ್ಕಿಸಿಕೊಂಡು ಗರಗರ ತಿರುಗಿಸುತ್ತ ನನ್ನ ಹತ್ತಿರ ಬಂದ. ಅವನು ನನ್ನ ಹೆಂಡತಿ ಶೈಲಶ್ರೀಯ ಅಕ್ಕ ಸುಮಾಳ ಗಂಡ, ಬಾಗಲಕೋಟೆಯ ನವನಗರದಲ್ಲಿ ಗುತ್ತಿಗೆದಾರ. ವಯಸ್ಸಿನಲ್ಲಿ ನಾವು ಸರೀಕರು. ಒಬ್ಬರಿಗೊಬ್ಬರು ಲೇ ಅನ್ನುವ ಸಲಿಗೆ.

"ಬಾರಲೇ, ಒಂದ್ ಚಮತ್ಕಾರ ತೋರಸ್ತೇನಿ" ಅಂದ.

ಕಾರಿನಲ್ಲಿ ಕೂರಿಸಿಕೊಂಡು ಗುಡಿಯ ಸುತ್ತ ಒಂದು ಸುತ್ತು ಹೊಡೆದ. ತೆಂಗಿನಕಾಯಿ ಮಾರುವವರ ಗದ್ದಲದಲ್ಲಿ ಬ್ರೇಕು ಒತ್ತಿ ನಿಲ್ಲಿಸಿದ. ಸದ್ದು ಫಕ್ಕನೆ ಅಡಗಿತು.

"ಬಂದ್ ಬಿತ್ತೇನೋ?" ಅಂದೆ.

"ಅದ ನೋಡು ಮಜಾ! ನಿಂತಾಗ ತಾನ ಎಂಜಿನ್ ಬಂದ್ ಮಾಡ್ಕೋತೈತಿ. ಕಾಲು ತಗದ್ರ ತಾನ ಚಾಲೂ. ಪೆಟ್ರೋಲ್ ಎಂಜಿನ್ ಒಂದು, ಕರೆಂಟಿನ ಮೋಟಾರ್ ಒಂದು. ಹೈಬ್ರಿಡ್ ಅಂತಾರ ಇದಕ್ಕ. ಜಪಾನದ ಮಂದಿ ಮಾಡ್ಯಾರ. ಹೈವೇದಾಗ ಎಲ್ಲಾ ಗಾಡಿ ಮೈಲೇಜ್ ಕೊಡ್ತಾವು, ಇದು ಊರಾಗ ಕೊಡತೈತಿ. ಲೀಟರಿಗೆ ಇಪ್ಪತ್ತು!"

"ಊರಾಗ ಇಪ್ಪತ್ತು?"

"ಮ್ಯಾಲ ಬಂದ್ರೂ ಬರಬಹುದು. ಗದ್ಲ ಇದ್ದಷ್ಟೂ ಛಲೋ."

ಗದ್ದಲ ಇದ್ದಷ್ಟೂ ಒಳ್ಳೆಯದು ಅಂದರೆ ಈ ಗಾಡಿ ಇಳಕಲ್ಲಿಗೆಂದೇ ಹುಟ್ಟಿದ್ದು ಅನ್ನಿಸಿತು. ರಾಜೇಶ ಇನ್ನೊಂದು ದೊಡ್ಡ ಗಾಡಿಯ ಮೇಲೆ ಕಣ್ಣು ಹಾಕಿದ್ದ. ಇದನ್ನು ನನಗೆ ದಾಟಿಸುವ ವಿಚಾರದಲ್ಲಿದ್ದ. "ಒಂದ್ ತಿಂಗಳು ಇಟ್ಕೊಂಡು ಓಡಸು. ಮನಸಿಗೆ ಬಂದ್ರ ಇಟ್ಕೋ, ಮುಂದಿಂದು ಆಮ್ಯಾಲೆ ಮಾತಾಡೂಣು" ಅಂದ. ಇಷ್ಟು ಒಳ್ಳೆಯ ಗಾಡಿಯನ್ನು ಇವನು ಯಾಕೆ ಬಿಡುತ್ತಾನೆ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ನಾನು ಕೀಲಿ ಈಸಿಕೊಂಡೆ.

ಊರಿಗೆ ಮರಳುವಾಗ ಹಿಂದಿನ ಸೀಟಿನಲ್ಲಿ ನಮ್ಮವ್ವ ದುರ್ಗವ್ವ, ಪಕ್ಕದಲ್ಲಿ ಶೈಲಶ್ರೀ. ಪಟ್ಟದಕಲ್ಲು ದಾಟಿದೆವು. ಐಹೊಳೆಯ ಹತ್ತಿರ ಕುರಿ ಹಿಂಡು ಅಡ್ಡ ಬಂದು ಗಾಡಿ ನಿಂತಿತು, ಸದ್ದು ಅಡಗಿತು.

"ತಮ್ಮಾ, ಜೀವ ಹೋತೇನೋ ಇದರದು?" ಅಂದಳು ಅವ್ವ.

"ಇಲ್ಲ ಬೇ, ಅದು ಪೆಟ್ರೋಲ್ ಉಳಸಾಕತ್ತೈತಿ."

"ನಿಮ್ಮಪ್ಪನೂ ಹಿಂಗ ಇದ್ದ. ಉಣ್ಣಾಕ ಕರದ್ರ ಉಸುರ ಬಿಡ್ತಿದ್ದಿಲ್ಲ" ಅಂದು ಅವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ತೊಂದರೆ ಶುರುವಾದದ್ದು ನಮ್ಮ ಓಣಿಯ ಬಾಯಿಗೆ ಬಂದಾಗ. ನಮ್ಮದು ನೇಕಾರರ ಓಣಿ. ಬೆಳಿಗ್ಗೆ ಎದ್ದರೆ ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ಆ ಹೊತ್ತಿಗೆ ಯಾರ ಗಾಡಿ ಬಂದರೂ ನಿಲ್ಲಬೇಕು, ಮದುವೆಯ ದಿಬ್ಬಣವೂ ನಿಲ್ಲಬೇಕು. ಅಂಥ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗ ಎಲ್ಲಿಂದ ಬರಬೇಕು? ಇದ್ದದ್ದು ಒಂದೇ, ನಮ್ಮ ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡು.

ಆ ಶೆಡ್ಡಿನಲ್ಲಿ ಶೈಲಶ್ರೀ ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದಳು. ಮೊದಲು ಮಾದೇವಿ, ಅಬೇದಾ ಇಬ್ಬರೇ ಬರುತ್ತಿದ್ದರು. ಈಗ ಚಾಪೆ ಸಾಲದಷ್ಟು ಮಂದಿ. ಮನೆಯಲ್ಲಿ ಅವಳು ನನ್ನ ಹೆಂಡತಿ, ನಮ್ಮವ್ವನ ಸೊಸೆ. ಶೆಡ್ಡಿನ ಹೊಸಲು ದಾಟಿದರೆ ಟೀಚರು. ಆ ಹೊಸಲಿನ ಒಳಗೆ ನಾನು ಕೂಡ ಕೆಮ್ಮಿ, ಕೇಳಿ ಹೋಗಬೇಕಿತ್ತು.

"ಗಾಡಿ ಎಲ್ಲೆ ನಿಂದರಸಾವ್ರು?" ಅಂದಳು.

ನಾನು ಶೆಡ್ಡಿನ ಕಡೆ ನೋಡಿದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೆರಗು ಸೊಂಟಕ್ಕೆ ಹೋಯಿತೆಂದರೆ ನಮ್ಮ ಮನೆಯಲ್ಲಿ ಕೋರ್ಟು ಶುರುವಾಯಿತೆಂದು ಅರ್ಥ. "ಹಾದಿಯುದ್ದಕ್ಕೂ ಇಪ್ಪತ್ತು ಇಪ್ಪತ್ತು ಅಂದ್ರಿ. ಇಳಕಲ್ಲಾಗ ಓಡ್ಸಿ ಇಪ್ಪತ್ತು ತೋರಸ್ರಿ. ತೋರ್ಸಿದ್ರ ಒಂದ ಮಾತೂ ಆಡಲಾರದ ಶೆಡ್ಡು ಖಾಲಿ ಮಾಡಿ ಕೊಡ್ತೇನಿ. ಇಲ್ಲಾಂದ್ರ ಗಾಡಿ ಬಾಗಲಕೋಟಿಗೆ, ನೀವು ನಿಮ್ಮ ಸ್ಕೂಟರಿಗೆ."

"ಒಪ್ಪಿದೆ!" ಅಂದೆ. ಸೋಲುವ ಮಾತೇ ಇರಲಿಲ್ಲವಲ್ಲ, ಜಪಾನಿನವರೇ ನನ್ನ ಬೆನ್ನಿಗಿದ್ದರು.

ಅವ್ವನನ್ನು ನ್ಯಾಯ ಹೇಳಲು ಕೂರಿಸಿದೆವು. ಹುನಗುಂದ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಬೇಕು. ಊರೊಳಗೆ ಮಾತ್ರ ಓಡಿಸಬೇಕು. ಮುಂದಿನ ಅಮಾವಾಸ್ಯೆಗೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಬೇಕು. ಅಲ್ಲಿಯವರೆಗೆ ಕಾರು ಓಣಿಯ ಒಳತುದಿಯ ಬೇವಿನ ಮರದ ಕೆಳಗೆ ಬೀಡು ಬಿಟ್ಟಿತು.

ಮರುದಿನ ಬಜಾರದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮುಚ್ಚಿಕೊಳ್ಳಲಿಲ್ಲ. ಸೀರೆ ತೋರಿಸುತ್ತ ಗಿರಾಕಿಗಳಿಗೆ ಮೈಲೇಜು ಹೇಳಿದೆ. ಚಹಾದ ಅಂಗಡಿಯಲ್ಲಿ ಹೇಳಿದೆ. ಕ್ಷೌರದ ಅಂಗಡಿಯಲ್ಲಿ, ಗದ್ದದ ಮೇಲೆ ಕತ್ತಿ ಇದ್ದಾಗಲೂ ಹೇಳಿದೆ. "ಊರಾಗ ಇಪ್ಪತ್ತು!" ಸಂಜೆಯ ಹೊತ್ತಿಗೆ ಊರಿಗೆ ಊರೇ ನನ್ನ ಗಾಡಿಯ ಮೇಲೆ ಕಣ್ಣಿಟ್ಟು ಕೂತಿತ್ತು.

ನಾನೂ ಗಾಡಿಯ ಮೇಲೆ ಕಣ್ಣಿಟ್ಟಿದ್ದೆ, ಅದರ ಮುಂಭಾಗದಲ್ಲಿದ್ದ ಸಣ್ಣ ಪರದೆಯ ಮೇಲೆ. ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಅದು ತಾನಾಗಿ ಬರೆದು ತೋರಿಸುತ್ತಿತ್ತು. ಎರಡನೆಯ ದಿನ ಮನೆಯಿಂದ ಅಂಗಡಿಗೆ ಹೋಗಿ ಇಳಿಯುವಾಗ ಅದನ್ನು ಮೊದಲ ಸಲ ನೋಡಿದೆ: ಹನ್ನೊಂದು.

ಏನೋ ತಪ್ಪಿರಬೇಕೆಂದು ಕಣ್ಣು ಒರೆಸಿಕೊಂಡೆ. ಹನ್ನೊಂದೇ. ಮಧ್ಯಾಹ್ನ ಊಟಕ್ಕೆ ಬಂದೆ, ಹೋದೆ. ಹನ್ನೊಂದು. ಗಾಡಿಯ ಜೊತೆ ಬಂದ ಬುಕ್ಕು ತೆಗೆದು ಓದಿದೆ. ಆ ಬುಕ್ಕು ಬರೆದ ಪುಣ್ಯಾತ್ಮನ ಊರಿನಲ್ಲಿ ಕೆಂಪು ದೀಪ ಬಂದರೆ ಗಾಡಿ ನಿಲ್ಲುತ್ತದೆ, ಹಸಿರು ಬಂದರೆ ಹೋಗುತ್ತದೆ. ನಮ್ಮಲ್ಲಿ ಎಮ್ಮೆ ಬಂದರೆ ನಿಲ್ಲುತ್ತದೆ, ಎಮ್ಮೆಗೆ ಮನಸ್ಸಾದರೆ ಹೋಗುತ್ತದೆ. ಎಂಜಿನ್ನು ಬಿಸಿಯಾಗುವಷ್ಟರಲ್ಲಿ ನನ್ನ ಅಂಗಡಿಯೇ ಬಂದುಬಿಡುತ್ತದೆ. ಮೇಲಾಗಿ ಇಳಕಲ್ಲಿನ ಬೇಸಿಗೆ. ಎಸಿ ಹಾಕಿದರೆ ನಿಂತಾಗಲೂ ಎಂಜಿನ್ನು ಮತ್ತೆ ಮತ್ತೆ ಎದ್ದು ಗುರ್ ಅನ್ನುತ್ತದೆ. ರಾಜೇಶ ಇದನ್ನು ಯಾಕೆ ಬಿಡಲು ಹೊರಟಿದ್ದನೆಂದು ಆಗ ಹೊಳೆಯಿತು. ಹೊಳೆಯುವ ಹೊತ್ತಿಗೆ ನಾನು ಇಡೀ ಬಜಾರಕ್ಕೆ ಡಂಗುರ ಸಾರಿದ್ದೆ.

ಇನ್ನು ಮಾನ ಉಳಿಸಿಕೊಳ್ಳುವ ಕೆಲಸ. ಎಸಿ ಬಂದ್ ಮಾಡಿದೆ. ಗಾಳಿ ಒಳಗೆ ಬಂದರೆ ಗಾಡಿಯನ್ನು ತಡೆಯುತ್ತದಂತೆ ಎಂದು ಎಲ್ಲೋ ಕೇಳಿದ್ದಕ್ಕೆ ಗಾಜೂ ಏರಿಸಿದೆ. ಡಿಕ್ಕಿಯಲ್ಲಿದ್ದ ಹೆಚ್ಚಿನ ಚಕ್ರ ತೆಗೆದು ಅಟ್ಟಕ್ಕೆ ಹಾಕಿದೆ. ಚಪ್ಪಲಿ ಕಳಚಿ, ಅಪ್ಪ ಮಗ್ಗದ ಕಾಲುಮಣೆ ತುಳಿಯುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋದೆ. ಸೈಕಲ್ಲಿನವರು ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ, ಕೈ ಮುಗಿದರು. ಅಂಗಡಿ ಮುಟ್ಟುವಷ್ಟರಲ್ಲಿ ಅಂಗಿ ಹಿಂಡಿದರೆ ಒಂದು ಚರಿಗೆ ನೀರು ಬರುತ್ತಿತ್ತು. ಪರದೆ ನೋಡಿದರೆ ಹನ್ನೆರಡು.

ಇದೇ ದುಃಖದಲ್ಲಿ ಒಂದು ಬೆಳಿಗ್ಗೆ ಹೊರಟಾಗ ನೆರೆಮನೆಯ ಮಲ್ಲು ಹಾಸು ಎಳೆದಿದ್ದ. ನಿಂತೆ. ಎಂಜಿನ್ನು ಅಡಗಿತು. ಮಲ್ಲು ಕೈಯಲ್ಲಿ ಗಂಜಿಯ ಕುಂಚ ಹಿಡಿದು ಓಡಿ ಬಂದ.

"ಅಣ್ಣಾ, ಬಂದ್ ಬಿತ್ತೇನ್ರಿ?"

"ಇಲ್ಲೋ ಮಲ್ಲು. ಅದು ತಾನ ಬಂದ್ ಆಗೇತಿ."

"ಅದನ್ನ ಕೇಳಾಕತ್ತೇನ್ರಿ ನಾ."

"ಹಂಗಲ್ಲಪಾ, ಬೇಕಂತನ ಬಂದ್ ಆಗೇತಿ. ಬೇಕಾದಾಗ ಚಾಲೂ ಆಗತೈತಿ."

ಮಲ್ಲು ನನ್ನ ಬೆವತ ಮುಖ, ಏರಿಸಿದ ಗಾಜು, ಬರಿಗಾಲು ಎಲ್ಲವನ್ನೂ ನೋಡಿದ. ಅವನ ಕಣ್ಣಲ್ಲಿ ಮರುಕ ತುಂಬಿತು. ದೊಡ್ಡ ಮಾತು ಆಡಿ ಸಿಕ್ಕಿಬಿದ್ದವನು ಎಂದು ಅಂದುಕೊಂಡಿರಬೇಕು. ಹಾಸಿನ ಒಂದು ತುದಿ ಬಿಚ್ಚಿ ದಾರಿ ಮಾಡಿ, "ಬರ್ರೋ, ಹುಚ್ಚಣ್ಣನ ಗಾಡಿ ನಿಂತೈತಿ!" ಎಂದು ಕೂಗಿದ.

ನಮ್ಮ ಊರಿನ ಗುಣ ಒಂದು ಹೇಳಬೇಕು. ಇಲ್ಲಿ ಕೇಳಿದರೆ ಕೈಗಡ ಹುಟ್ಟಲಿಕ್ಕಿಲ್ಲ. ಆದರೆ ಗಾಡಿಯೊಂದು ನಿಂತಿತೆಂದರೆ ಮಗ್ಗದ ಕುಣಿಯೊಳಗಿದ್ದವನೂ ಎದ್ದು ಬಂದು ಕೈ ಹಚ್ಚುತ್ತಾನೆ. ಅರೆಕ್ಷಣದಲ್ಲಿ ಹಿಂದೆ ಒಂದು ದಂಡೇ ಸೇರಿತು. ನಾನು "ಬ್ಯಾಡ, ಬ್ಯಾಡ" ಅನ್ನುತ್ತಲೇ ಗೇರನ್ನು ನ್ಯೂಟ್ರಲ್ಲಿಗೆ ತಂದೆ. ಇಲ್ಲದಿದ್ದರೆ ಜನರ ರಟ್ಟೆಗೆ ತ್ರಾಸು. ಹೋ ಎಂದು ದಬ್ಬಿದರು. ಗಾಡಿ ಓಣಿ ದಾಟಿ, ಹಿಟ್ಟಿನ ಗಿರಣಿ ದಾಟಿ, ಬಜಾರದ ತಿರುವಿನವರೆಗೆ ಬಂತು. ನಾನು ಪರದೆ ನೋಡಿದೆ. ಹದಿಮೂರು!

ಚಕ್ರ ತಿರುಗಿತ್ತು, ಪೆಟ್ರೋಲು ಖರ್ಚಾಗಿರಲಿಲ್ಲ. ಇದರಲ್ಲಿ ನಾನು ಯಾರಿಗಾದರೂ ಮೋಸ ಮಾಡಿದ್ದೆನೇ? "ಬ್ಯಾಡ" ಎಂದು ಬಾಯಿಬಿಟ್ಟು ಹೇಳಿದ್ದೆ. ಅದಕ್ಕಿಂತ ಜೋರಾಗಿ ಹೇಳಲು ಬೆವತು ಸುಸ್ತಾದ ಮನುಷ್ಯನಿಗೆ ಆಗುವುದಿಲ್ಲ.

ಅಂದು ಸಂಜೆ ಬಸ್‌ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಗ್ರಾನೈಟ್ ಲಾರಿಯೊಂದು ಅಡ್ಡ ತಿರುಗುತ್ತಿತ್ತು. ನಾನು ನಿಂತೆ, ಗಾಡಿ ಸುಮ್ಮನಾಯಿತು. ಹವಾಲ್ದಾರ ಬಂಡೆಪ್ಪ ಶೀಟಿ ಊದುತ್ತ ಬಂದು ಗಾಜು ತಟ್ಟಿದರು.

"ಏನ್ರಿ ಸಾವ್ಕಾರ್ರ, ನಟ್ಟ ನಡು ರಸ್ತೆದಾಗ ಗಾಡಿ ಬಂದ್ ಮಾಡಿ ಕುಂತೀರಿ? ಇದೇನು ನಿಮ್ಮ ಅಂಗಡಿ ಗಾದಿ ಏನು?"

"ನಾ ಬಂದ್ ಮಾಡಿಲ್ರಿ. ಗಾಡಿ ತಾನ ಮಾಡ್ಕೊಂಡೈತಿ."

"ತಾನ ಬಂದ್ ಆದ್ರ ನಮ್ಮ ಇಲಾಖೆದಾಗ ಅದಕ್ಕ ಕೆಟ್ಟ ಗಾಡಿ ಅಂತಾರ."

"ಕೆಟ್ಟಿಲ್ರಿ, ಹೈಬ್ರಿಡ್ ಐತಿ."

ಬಂಡೆಪ್ಪನವರು ಅನುಮಾನದಿಂದ ನೋಡಿದರು. "ನಮ್ಮ ಊರಾಗ ಹೈಬ್ರಿಡ್ ಜ್ವಾಳ ಹಾಕಿದ್ವಿ. ಅದೂ ಹಿಂಗ. ನೋಡಾಕ ಎತ್ತರ, ತೆನಿಯಾಗ ಕಾಳಿಲ್ಲ" ಅಂದು, ಟೋಪಿ ತೆಗೆದು ಬಾನೆಟ್ಟಿನ ಮೇಲೆ ಕಿವಿಯಿಟ್ಟು ಕೇಳಿದರು. ಒಳಗಿನಿಂದ ಏನೂ ಕೇಳಿಸಲಿಲ್ಲ. ಜನ ಸೇರಿದರು. ಬಂಡೆಪ್ಪನವರು ದವಾಖಾನೆಯ ಡಾಕ್ಟರ ಹಾಗೆ ತಲೆಯಾಡಿಸಿ ಎದ್ದು ನಿಂತು, "ಏ, ಬರ್ರಿ ನಾಕ ಮಂದಿ! ಟ್ರಾಫಿಕ್ ಜಾಮ್ ಆಗತೈತಿ, ದಬ್ಬ್ರಿ!" ಎಂದು ಹುಕುಂ ಕೊಟ್ಟರು. ಸರಕಾರವೇ ದಬ್ಬಿಸುತ್ತಿರುವಾಗ ಬೇಡ ಅನ್ನಲು ನಾನು ಯಾರು?

ಆ ಮೆರವಣಿಗೆ ಲಾಡಸಾಬನ ಗ್ಯಾರೇಜಿನ ಮುಂದೆ ಹೋಗಿ ನಿಂತಿತು. ಲಾಡಸಾಬ ಟ್ರ್ಯಾಕ್ಟರು, ಟಂಟಂ, ಪವರ್‌ಲೂಮಿನ ಮೋಟಾರು ಎಲ್ಲದಕ್ಕೂ ಕೈ ಹಾಕುವವನು. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಯಾರೂ ಕೇಳಿದವರಿಲ್ಲ. ಬಾನೆಟ್ಟು ಎತ್ತಿ ನೋಡಿದ. ಒಳಗೆ ಎಲ್ಲವೂ ಪ್ಲಾಸ್ಟಿಕ್ಕಿನ ಮುಚ್ಚಳದ ಕೆಳಗಿತ್ತು. ಮೆಲ್ಲಗೆ ಮುಚ್ಚಿದ.

"ಬ್ಯಾಟ್ರಿ ಗಾಡಿ ಐತ್ರಿ ಇದು" ಅಂದ, ಸುತ್ತ ನೆರೆದವರಿಗೆಲ್ಲ ಕೇಳುವ ಹಾಗೆ. "ಸೈಕಲ್ಲಿಗೆ ಡೈನಮೋ ಇರತೈತಲ್ಲ, ಗಾಲಿ ತಿರುಗಿದ್ರ ಕರೆಂಟ್. ಇದೂ ಹಂಗ. ಎಷ್ಟ ದಬ್ತೀರಿ ಅಷ್ಟ ಚಾರ್ಜ್ ಆಗತೈತಿ. ದಬ್ಬಲಿಲ್ಲಾಂದ್ರ ಬ್ಯಾಟ್ರಿ ಸಾಯ್ತೈತಿ. ಹುಚ್ಚಣ್ಣಾರಿಗೆ ಹೇಳಾಕ ನಾಚಿಕಿ, ಅದಕ್ಕ ಸುಮ್ನ ಅದಾರ."

ಮುಗಿಯಿತು. ಆವತ್ತಿನಿಂದ ನನ್ನ ಗಾಡಿ ಊರಿನ ಆಸ್ತಿಯಾಯಿತು. ನಿಂತರೆ ದಬ್ಬಿದರು. ನಿಲ್ಲುವಂತೆ ಕಂಡರೂ ದಬ್ಬಿದರು. ಕಾಲೇಜಿಗೆ ಹೋಗುವವರು ಬ್ಯಾಗು ಗಾಡಿಯ ಮೇಲೆ ಇಟ್ಟು ದಬ್ಬಿದರು. ಬಾಳೆಹಣ್ಣು ಮಾರುವವನು ತನ್ನ ಕೈಗಾಡಿ ಬಿಟ್ಟು ನನ್ನದನ್ನು ದಬ್ಬಿದ. ಒಮ್ಮೆ ಅಂಗಡಿಯ ಮುಂದೆ ಇಳಿದು ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ, ಗಾಡಿ ಅಲ್ಲಿರಲಿಲ್ಲ. ಯಾರೋ ಪುಣ್ಯವಂತರು ಚಾರ್ಜು ಆಗಲೆಂದು ಪೋಸ್ಟಾಫೀಸಿನವರೆಗೆ ದಬ್ಬಿಕೊಂಡು ಹೋಗಿದ್ದರು. ನಾನು ಸ್ಟೇರಿಂಗು ಹಿಡಿದು, ಹುಡುಗಿ ನೋಡಲು ಬಂದ ವರನ ಹಾಗೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಪರದೆಯ ಮೇಲೆ ಹದಿನಾರು, ಹತ್ತೊಂಬತ್ತು, ಇಪ್ಪತ್ತೆರಡು ಬಂತು. ಆಗ ನಾನು ಎಸಿ ಕೂಡ ಹಾಕಿದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಹೊರಟಿದ್ದೆ. ಶೆಡ್ಡಿನ ಮುಂದೆ ಗಾಡಿ ನಿಂತಿತ್ತು, ಮುಂದೆ ಮಲ್ಲು ಆಗಷ್ಟೇ ಬಿಚ್ಚುತ್ತಿದ್ದ ಹಾಸು. ಕಸೂತಿಯ ಹೆಣ್ಣುಮಕ್ಕಳು ದಬದಬ ಹೊರಗೆ ಬಂದರು. ಅಬೇದಾ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, "ಬರ್ರೇ, ಟೀಚರ ಯಜಮಾನ್ರ ಗಾಡಿ ಐತಿ!" ಅಂದಳು. ಎಲ್ಲರೂ ಸಾಲಾಗಿ ಕೈ ಹಚ್ಚಿದರು. ತಮ್ಮ ಶೆಡ್ಡನ್ನು ತಾವೇ ದಬ್ಬಿ ಕಳೆಯುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ನಟ್ಟ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಗಾಡಿಗೆ ಕೊಟ್ಟು ದಬ್ಬುತ್ತಿದ್ದವಳು ಶೈಲಶ್ರೀ.

ನನಗೆ ಇಳಿದು ಹೋಗಬೇಕೆನಿಸಿತು. ಇಳಿಯಲಿಲ್ಲ. ಇಳಿದರೆ ಗಾಡಿ ಯಾರು ತಿರುವಬೇಕು?

ಅಮಾವಾಸ್ಯೆ ಬಂತು. ಬಂಕಿಗೆ ನಾವು ಮೂವರು ಹೋಗಿದ್ದರೆ ಸಾಕಿತ್ತು, ಊರೇ ಬಂತು. ಮಲ್ಲು ಮಗ್ಗಕ್ಕೆ ರಜೆ ಕೊಟ್ಟು ಬಂದಿದ್ದ. ಬಂಡೆಪ್ಪನವರು ಬಂದೋಬಸ್ತಿಗೆಂದು ಬಂದಿದ್ದರು. ಬಂದೋಬಸ್ತು ಬೇಕಾದದ್ದು ಅವರು ಶೀಟಿ ಊದಿ ಜನ ಸೇರಿಸಿದ ಮೇಲೆ. ಅವ್ವನಿಗೆ ಬಂಕಿನವರು ಕುರ್ಚಿ ಹಾಕಿದರು. ಪೈಪು ಟ್ಯಾಂಕಿಗೆ ಇಳಿಯಿತು. ಎಲ್ಲರೂ ಉಸಿರು ಹಿಡಿದು ಮೀಟರು ನೋಡುತ್ತಿರುವಾಗಲೇ ಟಕ್ ಎಂದು ನಿಂತಿತು.

"ಇಷ್ಟನ?" ಅಂದ ಬಂಕಿನ ಮ್ಯಾನೇಜರ. ಪೈಪು ಅಲ್ಲಾಡಿಸಿ ನೋಡಿದ. ಟ್ಯಾಂಕು ತುಂಬಿತ್ತು. ಕ್ಯಾಲ್ಕುಲೇಟರು ಒತ್ತಿದ, ಅಳಿಸಿದ, ಮತ್ತೆ ಒತ್ತಿದ. "ಲೀಟರಿಗೆ ಇಪ್ಪತ್ತೆಂಟು ಬಂತಲ್ರಿ!"

ಜನ ಹೋ ಎಂದಿತು. ಲಾಡಸಾಬ, "ನಾ ಹೇಳಿದ್ದಿಲ್ಲೇನು, ಚಾರ್ಜ್!" ಎಂದು ಎದೆ ತಟ್ಟಿಕೊಂಡ. ಬಂಡೆಪ್ಪನವರು ಬಾನೆಟ್ಟಿಗೆ ಒಂದು ಸಲ್ಯೂಟು ಹೊಡೆದರು. ಯಾರೋ ಕಾಯಿ ಒಡೆದರು. ಅವ್ವ ಕುರ್ಚಿಯಿಂದ ಎದ್ದು, "ಗಾಡಿ ಗೆದ್ದೈತಿ" ಎಂದು ತೀರ್ಪು ಕೊಟ್ಟಳು. ಹುಚ್ಚೇಶ ಗೆದ್ದಾನ ಅನ್ನಲಿಲ್ಲ. ನಾನು ಅದನ್ನು ಗಮನಿಸಿದೆ.

ಶೈಲಶ್ರೀ ಕೊಟ್ಟ ಮಾತು ನಡೆಸಿದಳು. ಮನೆಗೆ ಬಂದವಳೇ ಶೆಡ್ಡಿಗೆ ಹೋಗಿ ಚಾಪೆ ಸುತ್ತಿದಳು. ಕಸೂತಿಯ ಚೌಕಟ್ಟುಗಳನ್ನು ಗೋಡೆಯಿಂದ ಇಳಿಸಿದಳು. ಮಾದೇವಿ ಅರ್ಧ ಹಾಕಿದ್ದ ಗೋಪುರದ ಕಸೂತಿಯನ್ನು ಬಟ್ಟೆಯಲ್ಲಿ ಮಡಚಿ ಟ್ರಂಕಿಗೆ ಹಾಕಿದಳು. ನಾನು ಹೊಸಲಿನ ಹೊರಗೆ ನಿಂತು ಕೆಮ್ಮಿದೆ.

"ಒಳಗ ಬರ್ರಿ, ನಿಮ್ದ ಈಗ" ಅಂದಳು.

"ಅವಸರ ಏನಿಲ್ಲ ಶೈಲಾ..."

"ಮಾತು ಮಾತ ಅಲ್ಲೇನ್ರಿ? ಇಪ್ಪತ್ತು ಅಂದಿದ್ರಿ, ಇಪ್ಪತ್ತೆಂಟು ತೋರಿಸೀರಿ. ಅಕ್ಕಗೂ ಫೋನ್ ಮಾಡಿ ಹೇಳೇನಿ. ಖುಷಿ ಸುದ್ದಿ, ಹೇಳಬೇಕಲ್ಲ. ಭಾವಾರೂ ಅಲ್ಲೇ ಕುಂತಿದ್ರಂತ, ಕೇಳಿ ಎದ್ದು ನಿಂತ್ರಂತ."

ಖಾಲಿ ಶೆಡ್ಡು ಬಹಳ ದೊಡ್ಡದಾಗಿ ಕಂಡಿತು. ನೆಲದ ಮೇಲೆ ಬಣ್ಣದ ದಾರದ ತುಣುಕುಗಳು ಬಿದ್ದಿದ್ದವು. ನನಗೆ ಅಂದು ಊಟ ಸೇರಲಿಲ್ಲ. ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವ್ವ ಅದರೊಳಗೆ ರೊಟ್ಟಿ ಇಟ್ಟಳು.

ಮರುದಿನ ಬೆಳಿಗ್ಗೆ ಮಲ್ಲು ಹಾಸು ಎಳೆಯುವ ಮೊದಲೇ ರಾಜೇಶ ಬಾಗಲಕೋಟೆಯ ಮೊದಲ ಬಸ್ಸಿಗೆ ಬಂದು ಇಳಿದಿದ್ದ. ಹಿಂದೆ ಸುಮಾ. ಚಹಾ ಕೂಡ ಮುಟ್ಟಲಿಲ್ಲ.

"ಕೀಲಿ ಕೊಡಲೇ."

"ಯಾಕೋ? ತಿಂಗಳು ಇಟ್ಕೋ ಅಂದಿದ್ದಿ."

"ಅಂದಿದ್ದೆ. ಆವಾಗ ನನಗ ಗೊತ್ತಿದ್ದಿಲ್ಲ. ಊರಾಗ ಇಪ್ಪತ್ತೆಂಟು ಕೊಡೂ ಗಾಡಿ ಯಾವ ತಲಿಕೆಟ್ಟವ ಬಿಟ್ಟ ಕೊಡ್ತಾನ? ದಿನಾ ಓಡಸೂ ನನ್ನ ಡ್ರೈವರ ಕಳ್ಳ ಇರಬೇಕು, ಪೆಟ್ರೋಲ್ ಮಾರ್ಕೊಂಡು ತಿಂದಾನ. ಅವನ್ನ ತಗದ್ ಹಾಕಿದೆ. ಇನ್ನ ನಾನ ಓಡಸ್ತೇನಿ."

"ಅಯ್ಯ, ಆ ಬಡಪಾಯಿನ್ನ ಯಾಕ ತಗದ್ರಿ?" ಎಂದು ಶೈಲಶ್ರೀ ಕೇಳಿದಳು. ಅವಳ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. "ಭಾವಾರ, ವಾಪಸ್ ಕರ್ಕೋರಿ ಅವನ್ನ. ಗಾಡಿ ಇಳಕಲ್ಲಿನ ನೀರಿಗೆ ಹಿಂಗ ಆಗಿರಬೇಕು." ಸುಮಾ ಅಲ್ಲೇ ಫೋನು ತೆಗೆದು ಡ್ರೈವರನಿಗೆ ನಾಳೆಯಿಂದ ಕೆಲಸಕ್ಕೆ ಬಾ ಎಂದು ಹೇಳಿದ ಮೇಲೆಯೇ ಅವಳ ಮುಖ ತಿಳಿಯಾಯಿತು.

ಆಗಲೂ ನನಗೆ ಏನೂ ತಿಳಿಯಲಿಲ್ಲ. ಅಟ್ಟದ ಮೇಲಿನ ಚಕ್ರ ಇಳಿಸಿ ಕೊಟ್ಟೆ, ಕೀಲಿ ಕೊಟ್ಟೆ, ಗಾಡಿಯ ಮೈಯನ್ನು ಒಂದು ಸಲ ಸವರಿದೆ. ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆ ಏನಿಲ್ಲ, ಬಂತು.

ರಾಜೇಶ ಗಾಡಿ ಹೊರಡಿಸಿದ. ಓಣಿಯಲ್ಲಿ ಅಷ್ಟೊತ್ತಿಗೆ ಹಾಸು ಬಿದ್ದಿತ್ತು. ಬ್ರೇಕು ಒತ್ತಿದ. ಸದ್ದು ಅಡಗಿತು.

"ಬರ್ರೋ!" ಎಂದು ಮಲ್ಲು ಕೂಗಿದ.

"ಏ, ಬಿಡ್ರಿ! ಕೆಟ್ಟಿಲ್ಲ ಅದು! ಯಾರ್ರಿ ನೀವು? ಕೈ ತಗೀರಿ!" ರಾಜೇಶ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗುತ್ತಿದ್ದ. "ನಾಚಿಕೋಬ್ಯಾಡ್ರಿ ಸಾಹೇಬ್ರ, ನಮಗೆಲ್ಲಾ ಗೊತ್ತೈತಿ" ಎಂದು ಜನ ಸಮಾಧಾನ ಹೇಳುತ್ತ ದಬ್ಬಿದರು. ಸರ್ಕಲ್ಲಿನಲ್ಲಿ ಬಂಡೆಪ್ಪನವರು ಶೀಟಿ ಊದಿ ಲಾರಿಗಳನ್ನು ನಿಲ್ಲಿಸಿ ದಾರಿ ಕೊಟ್ಟರಂತೆ. ಹುನಗುಂದ ರಸ್ತೆಯ ಬಂಕು ದಾಟುವವರೆಗೆ ದಬ್ಬಿ, ಕೈ ಬೀಸಿ ಕಳಿಸಿ ಬಂದರು.

ನಾನು ಹಿಂದಿರುಗಿ ನೋಡಿದರೆ ಶೆಡ್ಡಿನಲ್ಲಿ ಚಾಪೆ ಹಾಸಿತ್ತು. ಶೈಲಶ್ರೀ ಚೌಕಟ್ಟುಗಳನ್ನು ಗೋಡೆಗೆ ತೂಗುಹಾಕುತ್ತಿದ್ದಳು.

"ಶೈಲಾ, ನಿನಗ ಗೊತ್ತಿತ್ತೇನು?"

"ಏನು?"

"ಮೈಲೇಜ್."

"ಗೊತ್ತಿರಲಾರದ ಏನ್ರಿ? ನಾನೂ ದಬ್ಬೀನಲ್ಲ, ಇನ್ನೂ ರಟ್ಟಿ ನೋಯ್ತಾವ." ಒಂದು ಮೊಳೆಯನ್ನು ಹಲ್ಲಿನಲ್ಲಿ ಹಿಡಿದು, ತೆಗೆದು, ಮತ್ತೆ ಅಂದಳು: "ನಾ ಮಾತಿಗೆ ತಪ್ಪಿಲ್ಲ. ಶೆಡ್ಡು ಖಾಲಿ ಮಾಡಿ ಕೊಟ್ಟೆ. ಗಾಡಿ ನಿಮ್ಮ ಕಡೆ ಉಳೀಲಿಲ್ಲ ಅಂದ್ರ ನಾ ಏನ್ ಮಾಡ್ಲಿ? ಕೆಮ್ಮಲಾರದ ಒಳಗ ಬಂದೀರಿ, ಹೊರಗ ಹೋಗ್ರಿ. ಮಧ್ಯಾಹ್ನ ಹುಡಿಗ್ಯಾರು ಬರ್ತಾರ, ಕೆಲಸ ಐತಿ."

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಹಳೆಯ ಸ್ಕೂಟರಿನ ಮೇಲೆ ಮಲ್ಲುವಿನ ಹಾಸಿನ ಮುಂದೆ ನಿಂತಿದ್ದೆ. ಎಂಜಿನ್ನು ಬಂದ್ ಮಾಡಿದ್ದೆ, ಈ ಸಲ ನಾನೇ, ಕೈಯಾರೆ. ಮೊಬೈಲು ಗುಂಯ್ ಅಂದಿತು. ರಾಜೇಶ.

"ಲೇ ಹುಚ್ಯಾ, ಖರೆ ಹೇಳು. ಏನ್ ಮಾಡಿದ್ದಿ ಗಾಡಿಗೆ?"

"ಯಾಕೋ?"

"ನಾನ ಓಡ್ಸಿದ್ರೂ ಹನ್ನೊಂದು! ಎಸಿ ಬಂದ್ ಮಾಡಿದೆ, ಹನ್ನೊಂದು. ಚಪ್ಲಿ ಬಿಚ್ಚಿ ಓಡಸಾಕತ್ತೇನಿ, ಹನ್ನೊಂದು. ಅದ ಗಾಡಿ, ಅದ ಪೆಟ್ರೋಲು. ನಿಮ್ಮ ಇಳಕಲ್ಲಾಗ ಅಷ್ಟು ಹೆಂಗ ಬಂತು?"

"ನವನಗರದಾಗ ಗಾಡಿ ನಿಂತ್ರ ಯಾರರ ಬರ್ತಾರೇನು?"

"ಇಲ್ಲೆ ಯಾರ ಬರ್ತಾರೋ? ಸೆಕ್ಟರಿನಾಗ ಬಾಜು ಮನಿಯವ್ರ ಹೆಸರ ಗೊತ್ತಿಲ್ಲ. ನಿಂತ್ರ ಹಿಂದಿನವ್ರು ಹಾರ್ನ್ ಹೊಡೀತಾರ."

"ಹಂಗಾದ್ರ ಹನ್ನೊಂದ ಬರತೈತಿ ಬಿಡು" ಅಂದು ಫೋನು ಇಟ್ಟೆ.

ಹಿಂದೆ ಮಲ್ಲು ಗಂಜಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಸ್ಕೂಟರಿನ ಸೀಟಿಗೆ ಆಗಲೇ ಕೈ ಹಚ್ಚಿದ್ದ.